ಕಾಡುದಾರಿಯಲ್ಲಿ ಹಲ್ಲುನೋವು: ಹೊರಡುವ ಮೊದಲು, ಹೊರಟ ಮೇಲೆ

ಯುಗಾದಿ ಹತ್ತಿರ ಬಂದಾಗ ಕಲಬುರಗಿ, ಯಾದಗಿರಿ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಾಲಿನ ಗುಳ್ಳೆಗೆ ಮುಲಾಮು, ಜ್ವರದ ಗುಳಿಗೆ ಎಲ್ಲ ಇರುತ್ತವೆ. ಹಲ್ಲಿಗೆಂದು ಇರುವುದು ಬ್ರಷ್ಷು, ಪೇಸ್ಟು ಮಾತ್ರ. ಆತ್ಮಕೂರು ದಾಟಿ, ವೆಂಕಟಾಪುರದ ಬಳಿ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಆಮೇಲೆ ಕೈಲಾಸ ದ್ವಾರ. ಅಲ್ಲಿ ಕಾಲುದಾರಿಯೇ ಗತಿ. ಗುಳ್ಳೆ ಎದ್ದ ಕಾಲಿನಲ್ಲಿ ಕುಂಟುತ್ತ ನಡೆದವರು ಬೇಕಾದಷ್ಟು ಜನ. ಆದರೆ ದವಡೆ ಬಾತು ಎರಡು ರಾತ್ರಿ ನಿದ್ದೆಗೆಟ್ಟು, ಗಂಜಿಯೂ ಒಳಗಿಳಿಯದವರು ಮುಂದಿನ ಏರು ಹತ್ತಲಾರರು. 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಎರಡು ದಿನದ ಮಟ್ಟಿಗೆ ಹೋಗುವವರಿಗೂ, ಬೇಸಿಗೆ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟ ಕಾಲೇಜು ಹುಡುಗರಿಗೂ ಇದೇ ಮಾತು.

ಕಾಡಿನಲ್ಲಿ ಹಲ್ಲಿಗೆ ಚಿಕಿತ್ಸೆ ಮಾಡಲು ಬರುವುದಿಲ್ಲ, ಹೊತ್ತು ದೂಡಲು ಮಾತ್ರ ಬರುತ್ತದೆ. ಚಿಕಿತ್ಸೆಯೆಲ್ಲ ಊರಿನಲ್ಲೇ, ಹೊರಡುವ ಮುಂಚೆಯೇ ಮುಗಿದಿರಬೇಕು. ದಾರಿಯಲ್ಲಿ ಉಳಿಯುವುದು ತೂತಿಗೆ ಅನ್ನ ಹೋಗದಂತೆ ಮುಚ್ಚುವುದು, ನೋವು ತಗ್ಗಿಸುವುದು, ಮುಂದೆ ನಡೆಯಬೇಕೋ ಹಿಂದಿರುಗಬೇಕೋ ಎಂದು ತೀರ್ಮಾನಿಸುವುದು, ಇಷ್ಟೇ.

ಎಳ್ಳ ಅಮಾವಾಸ್ಯೆಯ ಲೆಕ್ಕ

ನಮ್ಮ ಭಾಗದವರಿಗೆ ನೆನಪಿಟ್ಟುಕೊಳ್ಳಲು ಸುಲಭವಾದ ಗುರುತು ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದ ಮೇಲೆ ಯುಗಾದಿಗೆ ಮೂರು ತಿಂಗಳು, ಶಿವರಾತ್ರಿಗೆ ಎರಡು ತಿಂಗಳು ಉಳಿದಿರುತ್ತದೆ. ಆ ವಾರದಲ್ಲೇ ಹಲ್ಲಿನ ಡಾಕ್ಟರ ಬಳಿ ಹೋಗಬೇಕು. ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜು, ಅಲ್-ಬದರ್ ಗ್ರಾಮೀಣ ದಂತ ವೈದ್ಯಕೀಯ ಕಾಲೇಜು, ಬೀದರಿನ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜುಗಳಂಥ ಕಡೆ ಖರ್ಚು ಕಡಿಮೆ ಬೀಳುತ್ತದೆ. ಆದರೆ ಕಲಿಯುವವರು ಮಾಡುವ ಕೆಲಸ, ಹಿರಿಯರು ಪರೀಕ್ಷಿಸಿ ಒಪ್ಪಬೇಕು. ಖಾಸಗಿ ಕ್ಲಿನಿಕ್ಕಿನಲ್ಲಿ ಎರಡು ಸಲಕ್ಕೆ ಮುಗಿಯುವುದು ಇಲ್ಲಿ ನಾಲ್ಕೈದು ಸಲ ಆಗಬಹುದು. ಅದನ್ನು ಲೆಕ್ಕಕ್ಕೆ ಹಿಡಿದೇ ಮೂರು ತಿಂಗಳು ಎಂದದ್ದು.

ಡಾಕ್ಟರಿಗೆ "ಹಲ್ಲು ತೋರಿಸಲು ಬಂದೆ" ಎಂದಷ್ಟೇ ಹೇಳಿದರೆ ನೋವಿರುವ ಹಲ್ಲನ್ನು ಮಾತ್ರ ನೋಡಿ ಕಳಿಸಬಹುದು. "ಇಂತಿಷ್ಟು ದಿನ ಕಾಡಿನಲ್ಲಿ ಇರುತ್ತೇನೆ, ಡಾಕ್ಟರು ಸಿಗುವುದಿಲ್ಲ. ಅಷ್ಟರಲ್ಲಿ ತೊಂದರೆ ಕೊಡಬಹುದಾದ ಹಲ್ಲು ಯಾವುದು?" ಎಂದು ಕೇಳಿ. ಪ್ರಶ್ನೆ ಬದಲಾದರೆ ಪರೀಕ್ಷೆಯೂ ಬದಲಾಗುತ್ತದೆ. ದವಡೆ ಹಲ್ಲುಗಳ ನಡುವೆ ಹಿಡಿದ ಹುಳುಕು ಕನ್ನಡಿ ಹಿಡಿದರೆ ಕಾಣುವುದಿಲ್ಲ, ಅದಕ್ಕೆ ಬೈಟ್‌ವಿಂಗ್ ಎಕ್ಸ್‌ರೇ ಬೇಕು. ಹಿಂದೆ ರೂಟ್ ಕೆನಾಲ್ ಮಾಡಿಸಿದ ಹಲ್ಲಿದ್ದರೆ ಬೇರಿನ ತುದಿ ಕಾಣುವ ಎಕ್ಸ್‌ರೇಯನ್ನೂ ತೆಗೆಸಿ. ಬೇರಿನ ತುದಿಯಲ್ಲಿ ಕೀವು ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರುತ್ತದೆ. ದಣಿವು, ನಿದ್ದೆಗೇಡು, ನೀರಿನ ಕೊರತೆ ಒಟ್ಟಿಗೆ ಸೇರಿದಾಗ ಅದು ತಲೆ ಎತ್ತಿದರೆ ಆಶ್ಚರ್ಯವಿಲ್ಲ.

ಯಾವ ಕೆಲಸಕ್ಕೆ ಎಷ್ಟು ಮುಂಚೆ? ಬುದ್ಧಿಹಲ್ಲನ್ನು ಕೊಯ್ದು ತೆಗೆಸುವುದಿದ್ದರೆ ಆರು ವಾರ. ಸಾದಾ ಹಲ್ಲು ಕೀಳಿಸುವುದಿದ್ದರೆ ಮೂರು ವಾರ. ಕಿತ್ತ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕುಳಿಯ ರಕ್ತದ ಗಡ್ಡೆ ಕರಗಿಹೋಗಿ ಎಲುಬು ಬಯಲಾದರೆ ಕಿವಿಯ ತನಕ ಸಿಡಿಯುವ ನೋವು ಬರುತ್ತದೆ, ಅದಕ್ಕೆ ಡಾಕ್ಟರು ಔಷಧದ ಹತ್ತಿ ಇಡಬೇಕಾಗುತ್ತದೆ. ಬೀಡಿ ಸೇದುವವರಿಗೆ ಈ ಕಾಟ ಹೆಚ್ಚು. ರೂಟ್ ಕೆನಾಲ್ ಆದರೆ ಕ್ಯಾಪ್ ಕೂರಿಸಿ ನಾಲ್ಕು ವಾರವಾದರೂ ಕಳೆದಿರಲಿ. ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಡುವವರು ಬಹಳ. ಒಳಗೆ ಕೊರೆದು ಟೊಳ್ಳಾದ ದವಡೆ ಹಲ್ಲು ಖಡಕ್ ರೊಟ್ಟಿಯ ಒಂದು ಚೂರಿಗೆ ಉದ್ದಕ್ಕೆ ಸೀಳುತ್ತದೆ, ಸೀಳಿದ ಮೇಲೆ ಕೀಳುವುದೊಂದೇ ದಾರಿ. ಸಿಮೆಂಟ್ ತುಂಬಿಸುವುದು, ಕ್ಲೀನಿಂಗ್ ಮಾಡಿಸುವುದು ಎರಡು ವಾರ ಮುಂಚೆ ಆದರೂ ನಡೆಯುತ್ತದೆ. ತುಂಬಿದ್ದು ಕೂದಲೆಳೆಯಷ್ಟು ಎತ್ತರವಾದರೂ ಕಚ್ಚಿದಾಗ ನೋಯುತ್ತದೆ, ಅದನ್ನು ಸವೆಸಿ ಸರಿ ಮಾಡಲು ಇನ್ನೊಮ್ಮೆ ಹೋಗುವುದಕ್ಕೆ ದಿನ ಬೇಕಲ್ಲ.

ಮೇಲ್ದವಡೆ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ ಎನ್ನುವ ಮಾತು ಇನ್ನೂ ಹೋಗಿಲ್ಲ. ಎರಡೂ ಸುಳ್ಳು. ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕ್ಲೀನಿಂಗ್ ಆದ ಮೇಲೆ ಹಲ್ಲು ಸಡಿಲಾದಂತೆ ಅನ್ನಿಸುವುದು, ವಸಡು ಮೊದಲೇ ಕರಗಿದ್ದನ್ನು ಅಲ್ಲಿ ಗಟ್ಟಿಕಟ್ಟಿದ್ದ ಪಾಚಿ ಮರೆಮಾಡಿತ್ತು ಎಂಬ ಕಾರಣಕ್ಕೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಡಾಕ್ಟರ ಕೆಲಸವೆಲ್ಲ ಮುಗಿದ ಮೇಲೆ, ಹೊರಡುವ ಹತ್ತು ದಿನ ಮುಂಚೆ, ನಿಮ್ಮ ಬಾಯಿಯನ್ನು ನೀವೇ ಒಮ್ಮೆ ಪರೀಕ್ಷಿಸಿ. ಫ್ರಿಜ್ಜಿನ ನೀರು ಒಂದು ಗುಟುಕು ಬಾಯಲ್ಲಿ ಹಿಡಿಯಿರಿ. ಜುಂ ಎಂದು ಒಂದೆರಡು ಕ್ಷಣದಲ್ಲಿ ಹೋದರೆ ಚಿಂತೆಯಿಲ್ಲ. ನೀರು ಉಗುಳಿದ ಮೇಲೂ ಅರ್ಧ ನಿಮಿಷ ನೋವು ಉಳಿದರೆ ಆ ಹಲ್ಲಿನ ಒಳಗಿನ ನರ ಕೆಡುತ್ತಿದೆ. ಹುರಿಗಡಲೆ ಒಂದೊಂದೇ ಕಾಳು ಒಂದೊಂದು ಹಲ್ಲಿನ ಮೇಲಿಟ್ಟು ಕಚ್ಚಿ. ಕಚ್ಚುವಾಗಲ್ಲ, ಕಚ್ಚಿ ಬಿಡುವಾಗ ಚುಳ್ಳೆಂದು ಚುಚ್ಚಿದರೆ ಅದು ಬಿರುಕಿನ ಗುರುತು. ಚಮಚದ ಹಿಡಿಯಿಂದ ಹಲ್ಲುಗಳನ್ನು ಮೆಲ್ಲಗೆ ತಟ್ಟಿ, ಒಂದು ಹಲ್ಲು ಮಾತ್ರ ಬೇರೆ ಥರ ನೋಯುತ್ತದೆಯೇ ನೋಡಿ. ಕೊನೆಗೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ.

ಮೂರು ಬೆರಳು ಹೋಗದಿದ್ದರೆ, ಅದರಲ್ಲೂ ಗುಟ್ಕಾ ಅಡಿಕೆ ಜಗಿಯುವವರಾಗಿದ್ದರೆ, ಯಾತ್ರೆಯ ಮಾತು ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯದಂತಾಗುವ ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದು. ಅಲ್ಲದೆ ಬಾಯಿಯೇ ತೆರೆಯದಿದ್ದರೆ ದಾರಿಯಲ್ಲಿ ಹಲ್ಲು ಕೆಟ್ಟಾಗ ಯಾವ ಡಾಕ್ಟರಿಗೂ ಒಳಗೆ ಕೈಹಾಕಲು ಆಗುವುದಿಲ್ಲ. ಮಹಾರಾಷ್ಟ್ರದ ಗಡಿಯ ಹಳ್ಳಿಗಳಲ್ಲಿ ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವ ಹೆಂಗಸರು "ನನ್ನ ವಸಡಿನಿಂದ ಒಂದು ಹನಿ ರಕ್ತ ಬರುವುದಿಲ್ಲ" ಎನ್ನುವುದುಂಟು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ವಸಡು ಕೊಳೆತರೂ ರಕ್ತ ಕಾಣುವುದಿಲ್ಲ. ರಕ್ತ ಬಾರದಿರುವುದನ್ನು ಆರೋಗ್ಯ ಎಂದು ತಿಳಿಯಬೇಡಿ.

ನಮ್ಮ ಜಿಲ್ಲೆಗಳ ಇನ್ನೊಂದು ಸಂಗತಿ ಫ್ಲೋರೈಡ್. ಯಾದಗಿರಿ, ಕಲಬುರಗಿಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಎಳವೆಯಲ್ಲಿ ಆ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಪಟ್ಟೆ, ಸಣ್ಣ ಗುಳಿಗಳು ಕಾಣುತ್ತವೆ. ಕಂದು ಬಣ್ಣ ಹುಳುಕಲ್ಲ, ಅದಕ್ಕೆ ಹೆದರಬೇಕಿಲ್ಲ. ಗುಳಿ ಬಿದ್ದ ಕಡೆ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ, ಅಂಥವರು ಗಟ್ಟಿ ತಿನಿಸಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕು. ದೊಡ್ಡವರಾದ ಮೇಲೆ ಫ್ಲೋರೈಡ್ ಪೇಸ್ಟ್ ಬಳಸಿದರೆ ಈ ಕಲೆ ಹೆಚ್ಚುವುದಿಲ್ಲ. ಹಲ್ಲು ರೂಪುಗೊಳ್ಳುವ ಎಂಟು ವರ್ಷದ ಒಳಗಿನ ವಯಸ್ಸಿನಲ್ಲಿ ಆದ ಪರಿಣಾಮ ಅದು.

ಡಬ್ಬಿಯಲ್ಲಿ ಏನಿರಬೇಕು

ಸೋಪಿನ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಐದಾರು ಜನರ ಗುಂಪಿಗೆ ಒಂದು. ಅದರಲ್ಲಿ ಸಣ್ಣ ಕನ್ನಡಿ, ಚಿಮುಟ, ಎರಡು ಜೊತೆ ಕೈಗವಸು, ಮಡಿಸಿದ ಗಾಜ್ ಬಟ್ಟೆ ಹತ್ತು ತುಂಡು, ಸ್ವಲ್ಪ ಹತ್ತಿ, ಹತ್ತು ಮೀಟರ್ ಫ್ಲಾಸ್ ದಾರ, ಒಂದು ಟ್ಯೂಬ್ ಸಿದ್ಧ ತಾತ್ಕಾಲಿಕ ಫಿಲ್ಲಿಂಗ್, 5 ಮಿ.ಲೀ. ಲವಂಗದ ಎಣ್ಣೆ, ಒಂದು ಹಿಡಿ ಉಪ್ಪು, ನಾಲ್ಕು ಪೊಟ್ಟಣ ಓಆರ್‌ಎಸ್, ಮೊಸರಿನ ಕಪ್ಪಿನಷ್ಟು ಪುಟ್ಟ ಮುಚ್ಚಳದ ಡಬ್ಬಿ ಒಂದು. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಗುಂಪಿನಲ್ಲಿದ್ದರೆ ಆರ್ಥೋ ವ್ಯಾಕ್ಸ್ ಎಂಬ ಮೇಣದ ಒಂದು ಕಡ್ಡಿ. ಚುಚ್ಚುವ ತಂತಿಯ ತುದಿಗೆ ಅದನ್ನು ಉಂಡೆ ಮಾಡಿ ಒತ್ತಿದರೆ ಮುಗಿಯಿತು. ಬೆಳಕಿಗೆ ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯದು, ಮೊಬೈಲ್ ಹಿಡಿದರೆ ಒಂದು ಕೈ ಅದಕ್ಕೇ ಹೋಗುತ್ತದೆ.

ತಾತ್ಕಾಲಿಕ ಫಿಲ್ಲಿಂಗ್ ಡೆಂಟಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ನಿಮ್ಮ ಡಾಕ್ಟರನ್ನೇ ಕೇಳಿ ತರಿಸಿ. ಕ್ಯಾವಿಟ್ ಅಂಥದ್ದೊಂದು ಹೆಸರು. ಜಿಂಕ್ ಆಕ್ಸೈಡ್ ಪುಡಿ ಮತ್ತು ಯುಜೆನಾಲ್ ಎಂಬ ಎರಡು ಸೀಸೆಯ ಬಗೆಯೂ ಇದೆ. ಕಲಸುವ ಹದ ತಪ್ಪಿದರೆ ಅದು ನಿಲ್ಲುವುದಿಲ್ಲ, ಆದ್ದರಿಂದ ಹೊಸಬರಿಗೆ ಟ್ಯೂಬಿನದೇ ವಾಸಿ. ಕ್ಯಾವಿಟ್ ತೇವ ತಾಗಿ ಗಟ್ಟಿಯಾಗುವ ಪದಾರ್ಥ. ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವಕ್ಕೇ ಅದು ಚೀಲದೊಳಗೆ ಗಟ್ಟಿಯಾಗಿ ಕಲ್ಲಾಗುತ್ತದೆ. ಹೊರಡುವ ಹಿಂದಿನ ದಿನ ಒಂದು ಕಾಳಷ್ಟು ಹಿಂಡಿ ಮೆತ್ತಗಿದೆಯೇ ಎಂದು ನೋಡಿಯೇ ಹೊರಡಿ.

ನೋವಿನ ಗುಳಿಗೆಯ ಲೆಕ್ಕವನ್ನು ಸ್ವಲ್ಪ ನಿಂತು ಓದಿ. ಹಲ್ಲಿನ ನೋವಿಗೆ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದರೆ, ಒಂದೊಂದೇ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಉಪಶಮನ. ನಮ್ಮ ಔಷಧದ ಅಂಗಡಿಯಲ್ಲಿ ಸಿಗುವ ಕಾಂಬಿಫ್ಲಾಮ್ ಒಂದು ಗುಳಿಗೆಯಲ್ಲಿ 400 ಮಿ.ಗ್ರಾಂ ಐಬುಪ್ರೊಫೇನ್, 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ದೊಡ್ಡವರು ಊಟವಾದ ಮೇಲೆ, ಎಂಟು ಗಂಟೆಗೊಮ್ಮೆ ಒಂದರಂತೆ ದಿನಕ್ಕೆ ಮೂರು ತೆಗೆದುಕೊಂಡರೆ ಐಬುಪ್ರೊಫೇನ್ 1200 ಮಿ.ಗ್ರಾಂ ಆಯಿತು. ಡಾಕ್ಟರ ಮಾತಿಲ್ಲದೆ ಅಲ್ಲಿಂದ ಮೇಲೆ ಹೋಗಬೇಡಿ. ನಡುನಡುವೆ 650 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುವ ಡೋಲೋ 650 ಗುಳಿಗೆ ಮೂರು ಸೇರಿಸಿದರೆ ಪ್ಯಾರಾಸಿಟಮಾಲ್ ಒಟ್ಟು 2925 ಮಿ.ಗ್ರಾಂ ಆಗುತ್ತದೆ. ದಿನಕ್ಕೆ 3000 ದಾಟದಿರುವುದು ಕ್ಷೇಮ, ಕುಡಿಯುವವರಿಗೆ ಇನ್ನೂ ಕಡಿಮೆ. ಎಡವುವುದು ಎಲ್ಲಿ ಎಂದರೆ, ಒಬ್ಬರು ಕೊಟ್ಟ ನೆಗಡಿಯ ಗುಳಿಗೆಯಲ್ಲೂ ಇನ್ನೊಬ್ಬರು ಕೊಟ್ಟ ಮೈಕೈ ನೋವಿನ ಗುಳಿಗೆಯಲ್ಲೂ ಅದೇ ಪ್ಯಾರಾಸಿಟಮಾಲ್ ಇರುತ್ತದೆ. ಪೊಟ್ಟಣದ ಹಿಂದೆ ಬರೆದದ್ದನ್ನು ಓದಿ ಕೂಡಿಸಿ.

ಐಬುಪ್ರೊಫೇನ್ ಎಲ್ಲರಿಗೂ ಅಲ್ಲ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಇಂಥ ಗುಳಿಗೆಗೆ ಕೆರಳುವ ಉಬ್ಬಸ ಇದ್ದವರು, ರಕ್ತ ತಿಳಿಯಾಗಿಸುವ ಗುಳಿಗೆ ನುಂಗುವವರು, ಬಸುರಿಯರು ಮುಟ್ಟಬಾರದು. ಅವರಿಗೆ ಪ್ಯಾರಾಸಿಟಮಾಲ್ ಒಂದೇ. ಇಡೀ ದಿನ ಬಿಸಿಲಲ್ಲಿ ನಡೆದು, ನೀರು ಸಾಲದೆ ಮೂತ್ರ ಕಡು ಹಳದಿಯಾಗಿರುವಾಗ ಗಟ್ಟಿಮುಟ್ಟಾದವರಿಗೂ ಐಬುಪ್ರೊಫೇನ್ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಮೊದಲು ನೀರು, ಆಮೇಲೆ ಗುಳಿಗೆ.

ಆಂಟಿಬಯೋಟಿಕ್ ಬೇಕೆ? ಐದಾರು ದಿನಕ್ಕಿಂತ ಹೆಚ್ಚು ಕಾಡಿನಲ್ಲಿ ಇರುವವರು ತಮ್ಮ ಡಾಕ್ಟರಿಂದ ಚೀಟಿ ಬರೆಸಿಕೊಂಡು ಒಂದು ಕೋರ್ಸ್ ಜೊತೆಗಿಟ್ಟುಕೊಳ್ಳಬಹುದು. ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವುದು ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ದಿನಕ್ಕೆ ಮೂರು ಸಲ. ಪೆನ್ಸಿಲಿನ್ ಒಗ್ಗದವರಿಗೆ ಬೇರೆಯದು. ಅದನ್ನು ಯಾವಾಗ ನುಂಗಬೇಕು ಎಂಬುದನ್ನೂ ಚೀಟಿಯಲ್ಲೇ ಬರೆಸಿ. ಬಾವು, ಜ್ವರ ಇಲ್ಲದ ಬರೀ ನೋವಿಗೆ ಅದರಿಂದ ಏನೂ ಆಗುವುದಿಲ್ಲ. ಸತ್ತ ನರದೊಳಗೆ ರಕ್ತವೇ ಹರಿಯದಿರುವಾಗ ಔಷಧ ಅಲ್ಲಿಗೆ ತಲುಪುವುದು ಹೇಗೆ?

ಊಟ, ಉಗುಳು, ಕರಡಿ

ದಾರಿಯಲ್ಲಿ ಹಲ್ಲು ಮುರಿಯುವುದು ಬಿದ್ದಾಗಲೇ ಎಂದೇನಿಲ್ಲ, ತಿನ್ನುವಾಗಲೂ ಮುರಿಯುತ್ತದೆ. ಖಡಕ್ ರೊಟ್ಟಿಯನ್ನು ಮುಂಹಲ್ಲಿನಿಂದ ಕಚ್ಚಿ ಮುರಿಯಬೇಡಿ. ಕೈಯಲ್ಲಿ ಮುರಿದು ಸಾರಿನಲ್ಲೋ ಮೊಸರಿನಲ್ಲೋ ಐದು ನಿಮಿಷ ನೆನೆಸಿ. ದಾಸೋಹದ ಅನ್ನ ಬೇಳೆಯಲ್ಲಿ ಹರಳು ಸಿಗುವುದು ಸಹಜ, ಸಾವಿರಾರು ಜನಕ್ಕೆ ಅಡುಗೆ ಮಾಡುವವರು ಎಷ್ಟೆಂದು ಆರಿಸಿಯಾರು? ಮೊದಲ ತುತ್ತನ್ನು ಮೆಲ್ಲಗೆ ಅಗಿಯಿರಿ. ಬಾರಿಹಣ್ಣಿನ ಬೀಜವನ್ನು ಹಲ್ಲಲ್ಲಿ ಒಡೆಯುವ ಚಪಲ ಬಿಡಿ. ಶೇಂಗಾ ಚಿಕ್ಕಿಗೆ ಕ್ಯಾಪ್ ಎಳೆದು ಕೀಳುವ ಶಕ್ತಿ ಇದೆ. ಅದರ ಬದಲು ಶೇಂಗಾ ಹೋಳಿಗೆ ಇಟ್ಟುಕೊಂಡರೆ ಕಸುವೂ ಅಷ್ಟೇ ಸಿಗುತ್ತದೆ, ಹಲ್ಲಿಗೂ ಮೆತ್ತಗೆ. ಗ್ಲೂಕೋಸ್ ನೀರು, ನಿಂಬೆ ಪಾನಕವನ್ನು ದಿನವಿಡೀ ಗುಟುಕು ಗುಟುಕಾಗಿ ಹೀರುವುದು ಒಣಗಿದ ಬಾಯಿಯಲ್ಲಿ ಹಲ್ಲಿಗೆ ದೊಡ್ಡ ಪೆಟ್ಟು, ಸಕ್ಕರೆಯನ್ನೂ ಹುಳಿಯನ್ನೂ ತೊಳೆಯಲು ಎಂಜಲೇ ಇರುವುದಿಲ್ಲ. ಒಮ್ಮೆಗೇ ಕುಡಿದು, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ.

ರಾತ್ರಿ ಎಷ್ಟೇ ದಣಿದಿದ್ದರೂ ಎರಡು ನಿಮಿಷ ಬ್ರಷ್ ಮಾಡಲೇಬೇಕು. ಬೆಳಗಿನದು ಒಂದು ದಿನ ತಪ್ಪಿದರೂ ನಡೆದೀತು, ರಾತ್ರಿಯದು ತಪ್ಪಬಾರದು. ಹೊಳೆ, ಕೊಳ, ಒರತೆಯಿಂದ ಎಪ್ಪತ್ತು ದೊಡ್ಡ ಹೆಜ್ಜೆ ದೂರ ಹೋಗಿ ಉಗುಳಿ. ಬೇವಿನ ಕಡ್ಡಿಯೇ ಬೇಕೆನ್ನುವವರು ಮನೆಯಿಂದಲೇ ಕತ್ತರಿಸಿ ಒಯ್ಯಿರಿ, ರಕ್ಷಿತ ಕಾಡಿನಲ್ಲಿ ಟೊಂಗೆ ಮುರಿಯುವಂತಿಲ್ಲ. ನಲ್ಲಮಲದಲ್ಲಿ ಕರಡಿಗಳಿವೆ. ಪೇಸ್ಟು, ಲವಂಗದ ಎಣ್ಣೆಯ ವಾಸನೆಯೂ ಅವಕ್ಕೆ ತಿನಿಸಿನ ವಾಸನೆಯೇ, ಆದ್ದರಿಂದ ಈ ಡಬ್ಬಿ ರಾತ್ರಿ ತಲೆದಿಂಬಿನ ಕೆಳಗಲ್ಲ, ಬುತ್ತಿಯ ಚೀಲದ ಜೊತೆ ಇರಬೇಕು.

ನೋವು ಎದ್ದಾಗ ಮೊದಲು ಕೇಳಬೇಕಾದ್ದು

ಎಲ್ಲ ಹಲ್ಲುನೋವೂ ಒಂದೇ ಅಲ್ಲ. ತಣ್ಣೀರಿಗೆ ಮಾತ್ರ ಜುಂ ಎಂದು ಕೂಡಲೇ ಹೋಗುವುದಾದರೆ ಫಿಲ್ಲಿಂಗ್ ಬಿದ್ದಿರಬಹುದು, ವಸಡು ಇಳಿದಿರಬಹುದು, ನಡೆಯುತ್ತ ಸುಧಾರಿಸಿಕೊಳ್ಳಬಹುದು. ಏನೂ ತಾಗದೆ ತಾನಾಗಿ ಎದ್ದು, ರಾತ್ರಿ ಮಲಗಿದರೆ ಹೆಚ್ಚಾಗಿ, ಬಿಸಿ ಚಹಾಕ್ಕೆ ಕೆರಳಿ, ತಣ್ಣೀರು ಹಿಡಿದರೆ ತಣಿಯುವ ನೋವು ನರ ಕೊಳೆಯುತ್ತಿರುವ ಸೂಚನೆ. ಅದು ಒಂದೆರಡು ದಿನದಲ್ಲಿ ತಾನಾಗಿ ನಿಲ್ಲಲೂಬಹುದು. ನಿಂತಿತೆಂದು ಹಿಗ್ಗಬೇಡಿ, ನರ ಸತ್ತಿದೆ, ಮುಂದಿನ ಹೆಜ್ಜೆ ಕೀವು. ಮೇಲ್ದವಡೆಯ ಹಿಂದಿನ ಮೂರ್ನಾಲ್ಕು ಹಲ್ಲು ಒಟ್ಟಿಗೆ ನೋಯುತ್ತ, ಬಗ್ಗಿದಾಗ, ಇಳಿಜಾರಿನಲ್ಲಿ ಧಡಧಡನೆ ಇಳಿದಾಗ ಹೆಚ್ಚಾದರೆ, ಮೂಗೂ ಕಟ್ಟಿದ್ದರೆ, ಅದು ಹಲ್ಲಲ್ಲ, ಸೈನಸ್. ಹಿಮಾಲಯದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದಂತೆ ಹಳೆಯ ಫಿಲ್ಲಿಂಗಿನಡಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ನೋಯುವುದೂ ಉಂಟು, ಕೆಳಗಿಳಿದರೆ ಅದು ಇಳಿಯುತ್ತದೆ.

ಇನ್ನೊಂದು ಇದೆ, ಇದನ್ನು ಹಿರಿಯರ ಜೊತೆ ಹೋಗುವವರು ಮರೆಯಬಾರದು. ಭೀಮನ ಕೊಳ್ಳದಂಥ ಏರಿನಲ್ಲಿ ಹತ್ತುವಾಗ ಕೆಳದವಡೆ ನೋಯತೊಡಗಿ, ಕೂತರೆ ಕಡಿಮೆಯಾಗಿ, ಎದ್ದು ನಡೆದರೆ ಮತ್ತೆ ಬಂದರೆ, ಜೊತೆಗೆ ಬೆವರು, ಎದೆ ಬಿಗಿತ, ಎಡಗೈ ಸೆಳೆತ ಇದ್ದರೆ, ಲವಂಗ ಹುಡುಕಬೇಡಿ. ಅದು ಹೃದಯದ ನೋವು. ಕೂರಿಸಿ, ಒಂದು ಹೆಜ್ಜೆಯೂ ನಡೆಸದೆ, ನೆರವು ಕರೆಸಿ.

ಲವಂಗದ ಎಣ್ಣೆ ಹಾಕುವ ಕ್ರಮವೂ ಹಲವರಿಗೆ ಗೊತ್ತಿಲ್ಲ. ಕಾಳುಮೆಣಸಿನಷ್ಟು ಹತ್ತಿಗೆ ಒಂದೇ ಹನಿ ಹಾಕಿ, ಹಿಂಡಿ, ತೂತಿನೊಳಗೆ ಮಾತ್ರ ಇಡಿ. ವಸಡಿಗೆ ಸುರಿದುಕೊಂಡರೆ ಸುಟ್ಟು ಬಿಳಿ ಹುಣ್ಣಾಗುತ್ತದೆ. ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುವುದು, ಸುಣ್ಣ ತಂಬಾಕು ತಿಕ್ಕಿ ತುಂಬುವುದು ಇದೇ ಜಾತಿಯ ಕೆಲಸ. ನೋವು ಹೋಗುವುದಿಲ್ಲ, ಹುಣ್ಣೊಂದು ಉಡುಗೊರೆ.

ಫಿಲ್ಲಿಂಗ್ ಬಿದ್ದರೆ

1. ಕೈ ತೊಳೆದು ಕೈಗವಸು ಹಾಕಿ. ಬಾಯಿ ಮುಕ್ಕಳಿಸಿ, ತೂತಿನಲ್ಲಿ ಸಿಕ್ಕಿದ ಅನ್ನವನ್ನು ಫ್ಲಾಸ್ ಅಥವಾ ಕಡ್ಡಿಯ ಮೊಂಡು ತುದಿಯಿಂದ ತೆಗೆಯಿರಿ. ತಳವನ್ನು ಕೆರೆಯಬೇಡಿ, ನರ ಅಲ್ಲೇ ಇದೆ.

2. ತೂತಿನ ಪಕ್ಕ ಗಾಜ್ ಇಟ್ಟು, ಹತ್ತಿಯಿಂದ ಒಳಗನ್ನು ಒರೆಸಿ. ಬಟ್ಟೆಯಂತೆ ಒಣಗಬೇಕಿಲ್ಲ, ಎಂಜಲು ನಿಂತಿರಬಾರದು, ಅಷ್ಟೇ.

3. ತೂತಿನ ಅಳತೆಗಿಂತ ತುಸು ಹೆಚ್ಚು ಫಿಲ್ಲಿಂಗ್ ತೆಗೆದು ಉಂಡೆ ಮಾಡಿ, ಒದ್ದೆ ಬೆರಳಿನಿಂದ ತಳದ ತನಕ ಒತ್ತಿ. ಮೂರು ಮಿ.ಮೀ. ದಪ್ಪ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಆಳವಿಲ್ಲದ ತೂತಿನಲ್ಲಿ ಬೀಳುವುದು ಅದಕ್ಕೇ.

4. ಮೆಲ್ಲಗೆ ಕಚ್ಚಿಸಿ, ದವಡೆಯನ್ನು ಅತ್ತಿತ್ತ ಆಡಿಸಿ. ಹೊರಗೆ ಉಬ್ಬಿದ್ದನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಎತ್ತರ ಉಳಿದರೆ ಮರುದಿನ ಹೊಸ ನೋವು.

5. ಎರಡು ಗಂಟೆ ಆ ಕಡೆ ಅಗಿಯಬಾರದು.

ಒಂದು ಎಚ್ಚರಿಕೆ: ವಸಡು ಬಾತಿದ್ದರೆ, ತೂತಿನಿಂದ ಕೀವಿನ ವಾಸನೆ ಬರುತ್ತಿದ್ದರೆ ಮುಚ್ಚಲೇಬೇಡಿ. ಹೊರಗೆ ಬರುವ ದಾರಿ ಮುಚ್ಚಿದರೆ ಕೀವು ಎಲುಬಿನೊಳಗೆ ಒತ್ತಿ ರಾತ್ರಿಯಲ್ಲೇ ಗಲ್ಲ ಬಾಯುತ್ತದೆ. ಫಿಲ್ಲಿಂಗ್ ಇಲ್ಲದಿದ್ದರೆ ಮೆತ್ತಗಾದ ಮೇಣದ ಬತ್ತಿಯ ಚೂರು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಒಂದೆರಡು ದಿನಕ್ಕೆ ಅನ್ನ ತಡೆಯುತ್ತವೆ.

ಕ್ಯಾಪ್ ಕಳಚಿದರೆ ಒಳಗಿನ ಹಳೆಯ ಸಿಮೆಂಟ್ ಕೆರೆದು ತೆಗೆದು, ಯಾವ ಮುಖ ಎತ್ತ ಎಂದು ಮೊದಲು ಒಣದಾಗಿಯೇ ಕೂರಿಸಿ ನೋಡಿ. ಕೂತರೆ ಒಳಗೆ ತೆಳ್ಳಗೆ ತಾತ್ಕಾಲಿಕ ಸಿಮೆಂಟ್, ಅದಿಲ್ಲದಿದ್ದರೆ ಟೂತ್‌ಪೇಸ್ಟ್ ಸವರಿ ಕಚ್ಚಿ. ಊಟಕ್ಕೆ, ನಿದ್ದೆಗೆ ತೆಗೆದಿಡಿ, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರಿದರೆ ಹಲ್ಲಿಗಿಂತ ದೊಡ್ಡ ಗಂಡಾಂತರ. ಕೂರದಿದ್ದರೆ ಒತ್ತಾಯ ಬೇಡ, ಡಬ್ಬಿಯಲ್ಲಿ ಜೋಪಾನವಾಗಿಡಿ. ಫೆವಿಕ್ವಿಕ್ ಯಾವ ಕಾರಣಕ್ಕೂ ಬೇಡ. ಮುರಿದ ಕಟ್ಟುಹಲ್ಲಿಗೂ ಬೇಡ. ವಸಡು ಸುಡುತ್ತದೆ, ವಕ್ರವಾಗಿ ಅಂಟಿದ್ದನ್ನು ಡಾಕ್ಟರು ಕೊರೆದೇ ತೆಗೆಯಬೇಕಾಗುತ್ತದೆ.

ಬಾವು

ಬೇರಿನ ಕೀವು ವಸಡಿನಲ್ಲಿ ಗುಳ್ಳೆಯಾಗಿ ಕಂಡರೆ, ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಎರಡು ಮೂರು ಗಂಟೆಗೊಮ್ಮೆ ಬಾಯಲ್ಲಿ ನಿಲ್ಲಿಸಿ ಉಗುಳಿ. ತಾನಾಗಿ ಒಡೆದರೆ ನೋವು ಇಳಿಯುತ್ತದೆ, ಮುಕ್ಕಳಿಸುವುದನ್ನು ಮುಂದುವರಿಸಿ. ಪಿನ್ನು, ಮುಳ್ಳು, ಬ್ಲೇಡಿನಿಂದ ಒಡೆಯಬೇಡಿ. ಹೊರಗೆ ಗಲ್ಲಕ್ಕೆ ಬಿಸಿ ಬಟ್ಟೆ, ಕಾಯಿಸಿದ ಇಟ್ಟಿಗೆಯ ಶಾಖ ಕೊಡುವ ರೂಢಿ ಬಿಡಬೇಕು, ಕೀವು ಬಾಯಿಯೊಳಗೆ ಒಡೆಯುವ ಬದಲು ಗಲ್ಲದ ಚರ್ಮದ ಕಡೆ ತಿರುಗುತ್ತದೆ. ಹೊರಗಿನಿಂದ ತಣ್ಣನೆಯ ಒದ್ದೆ ಬಟ್ಟೆ ಸಾಕು. ಮಲಗುವಾಗ ತಲೆ ಎತ್ತರದಲ್ಲಿರಲಿ. ಬುದ್ಧಿಹಲ್ಲಿನ ಮೇಲಿನ ವಸಡಿನ ಪದರದಡಿ ಅನ್ನ ಸಿಕ್ಕಿ ಬಾತಿದ್ದರೂ ಇದೇ ಉಪ್ಪುನೀರು, ಜೊತೆಗೆ ಬ್ರಷ್ಷಿನ ತುದಿಯಿಂದ ಆ ಪದರದ ಕೆಳಗೆ ಮೆಲ್ಲಗೆ ತೊಳೆಯುವುದು.

ಬಾವು ಗಲ್ಲಕ್ಕೆ ಇಳಿದರೆ, ಅಥವಾ ಜ್ವರ ಬಂದರೆ ಯಾತ್ರೆ ಅಲ್ಲಿಗೆ ನಿಲ್ಲಬೇಕು. ಚೀಟಿಯಲ್ಲಿ ಬರೆಸಿದ ಆಂಟಿಬಯೋಟಿಕ್ ಶುರು ಮಾಡಿ ಹಿಂದಿರುಗಿ. ಮುಂದೆ ನಡೆಯಲು ಅಲ್ಲ, ಹಿಂದಿರುಗುವ ದಾರಿಗೆ ಆ ಔಷಧ. ಸಕ್ಕರೆ ಕಾಯಿಲೆ ಇದ್ದವರು ಒಂದು ದಿನವೂ ಕಾಯಬಾರದು. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಬಾತು ನಾಲಿಗೆ ಮೇಲೆದ್ದಿದೆಯೇ? ಎಂಜಲು ನುಂಗಲಾಗದೆ ಸುರಿಯುತ್ತಿದೆಯೇ? ಬಾಯಿ ಎರಡು ಬೆರಳೂ ತೆರೆಯದೇ? ದನಿ ಬದಲಾಗಿದೆಯೇ? ಕಣ್ಣು ಮುಚ್ಚುವಷ್ಟು ಬಾತಿದೆಯೇ? ಇವುಗಳಲ್ಲಿ ಒಂದಿದ್ದರೂ ಉಸಿರುದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಬಹುದು. ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರರಲ್ಲೂ 108 ಆಂಬುಲೆನ್ಸ್ ಇದೆ, ನೆಟ್‌ವರ್ಕ್ ಸಿಕ್ಕ ಕೂಡಲೇ ಕರೆ ಮಾಡಿ. ಹಲ್ಲಿನ ಕ್ಲಿನಿಕ್ ಹುಡುಕುತ್ತ ಹೊತ್ತು ಕಳೆಯಬೇಡಿ. ಬೇಕಾದದ್ದು ಆಪರೇಷನ್ ಥಿಯೇಟರ್ ಇರುವ ದೊಡ್ಡ ದವಾಖಾನೆ.

ಬಿದ್ದು ಹಲ್ಲು ಉದುರಿದರೆ

ಮೊದಲು ತಲೆಗೆ ಪೆಟ್ಟಾಗಿದೆಯೇ, ಎಚ್ಚರವಿದೆಯೇ ನೋಡಿ. ಆಮೇಲೆ ಹಲ್ಲು ಹುಡುಕಿ. ಇಲ್ಲಿ ಗಡಿಯಾರವೇ ಎಲ್ಲ. ಹದಿನೈದು ನಿಮಿಷದೊಳಗೆ ಕುಳಿಗೆ ಮರಳಿದರೆ ಹಲ್ಲು ಹಿಡಿಯುವ ಸಂಭವ ಚೆನ್ನಾಗಿದೆ. ಒಣಗುತ್ತ ಒಂದು ಗಂಟೆ ಹೊರಗಿದ್ದರೆ ಬೇರಿನ ಮೇಲಿನ ಜೀವಕೋಶಗಳು ಸತ್ತಿರುತ್ತವೆ.

ಹೊಳೆಯುವ ಭಾಗವನ್ನು ಹಿಡಿದೆತ್ತಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ಶುದ್ಧ ನೀರಿನಲ್ಲಿ ಹತ್ತು ಸೆಕೆಂಡು ಆಡಿಸಿ ತೆಗೆಯಿರಿ. ಉಜ್ಜಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ಪಕ್ಕದ ಹಲ್ಲು ನೋಡಿ ದಿಕ್ಕು ಸರಿಮಾಡಿ ಕುಳಿಯೊಳಗೆ ಮೆಲ್ಲಗೆ ಒತ್ತಿ, ಮಡಿಸಿದ ಬಟ್ಟೆ ಕಚ್ಚಿಸಿ. ಗಾಯಾಳು ಗಾಬರಿಯಲ್ಲಿದ್ದು ಕೂರಿಸಲು ಬಿಡದಿದ್ದರೆ ನಿಮ್ಮ ಓಆರ್‌ಎಸ್ ಪೊಟ್ಟಣ ಈಗ ಕೆಲಸಕ್ಕೆ ಬರುತ್ತದೆ. ಸರಿಯಾದ ಅಳತೆಯಲ್ಲಿ ಕಲಸಿದ ಓಆರ್‌ಎಸ್ ನೀರಿನಲ್ಲಿ ಹಲ್ಲು ಮುಳುಗಿಸಿಡಿ. ಊಟ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೂ ನಡೆಯುತ್ತದೆ. ಎರಡೂ ಇಲ್ಲದಿದ್ದರೆ ಹಸುವಿನ ಹಾಲು, ಅದೂ ಇಲ್ಲದಿದ್ದರೆ ಗಾಯಾಳುವಿನದೇ ಎಂಜಲು ತುಂಬಿದ ಪುಟ್ಟ ಡಬ್ಬಿ. ಬರೀ ನೀರು ಬೇಡ, ಅದರಲ್ಲಿ ಬೇರಿನ ಕೋಶಗಳು ಒಡೆಯುತ್ತವೆ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲರೂ ಮಾಡುವುದೂ ಅದನ್ನೇ.

ಮಕ್ಕಳ ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು, ಕೆಳಗಿರುವ ಮೊಳಕೆಹಲ್ಲಿಗೆ ಪೆಟ್ಟಾಗುತ್ತದೆ. ತುಟಿ ಸೀಳಿದ್ದರೆ ಒಳಗೆ ಹಲ್ಲಿನ ಚೂರು ಹೂತಿದೆಯೇ ನೋಡಿ. ರಕ್ತ ನಿಲ್ಲದ ಕುಳಿಗೆ ಮಡಿಸಿದ ಗಾಜ್ ಇಟ್ಟು ಅರ್ಧ ಗಂಟೆ ಕಚ್ಚಿಸಿ, ನಡುವೆ ತೆಗೆದು ತೆಗೆದು ನೋಡಬೇಡಿ. ಗಾಜ್ ಮುಗಿದಿದ್ದರೆ ಒದ್ದೆ ಚಹಾ ಪೊಟ್ಟಣ ಒಳ್ಳೆಯ ಬದಲಿ, ಚಹಾದ ಒಗರು ರಕ್ತ ಹಿಡಿಯುತ್ತದೆ. ಉಗುಳುವುದು, ಹೀರುವುದು, ಬೀಡಿ, ತಂಬಾಕು ಆ ದಿನಕ್ಕೆ ನಿಷೇಧ. ಗಾಯಕ್ಕೆ ಮಣ್ಣು ತಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ಡಾಕ್ಟರಿಗೆ ಹೇಳಿ.

ಮರಳಿ ಕೂರಿಸಿದ ಹಲ್ಲನ್ನು ಡಾಕ್ಟರು ಅಕ್ಕಪಕ್ಕದ ಹಲ್ಲಿಗೆ ತೆಳು ತಂತಿಯಿಂದ ಸುಮಾರು ಎರಡು ವಾರ ಕಟ್ಟಿಡುತ್ತಾರೆ. ಆಮೇಲೆ ಹೆಚ್ಚಿನ ಪಾಲಿಗೆ ರೂಟ್ ಕೆನಾಲ್ ಬೇಕಾಗುತ್ತದೆ, ಆದ್ದರಿಂದ ಹಲ್ಲು ಗಟ್ಟಿಯಾಗಿ ಕೂತಿತೆಂದು ಎರಡನೇ ಸಲದ ಭೇಟಿ ತಪ್ಪಿಸಬೇಡಿ. ಕಾಡಿನಲ್ಲಿ ನೀವೇ ತುಂಬಿದ ತಾತ್ಕಾಲಿಕ ಫಿಲ್ಲಿಂಗಿನ ಆಯುಸ್ಸು ಒಂದೆರಡು ವಾರ. ಊರಿಗೆ ಬಂದ ವಾರದೊಳಗೆ ತೆಗೆಸಿ, ಖಾಯಂ ಸಿಮೆಂಟ್ ತುಂಬಿಸಿ. ನೋವಿಲ್ಲವೆಂದು ಮುಂದೂಡಿದರೆ ಅದರ ಅಂಚು ಸವೆದು, ಒಳಗೆ ಹುಳುಕು ನೀವು ಹೊರಟಾಗ ಇದ್ದದ್ದಕ್ಕಿಂತ ಆಳಕ್ಕೆ ಇಳಿದಿರುತ್ತದೆ.